ಮೋಡದ ಕಿವಿರು

ನಮ್ಮ ನಯನ ಟೀಚರ್ ಆದಳು! ಸರಕಾರಿ ಶಾಲೆಯ ಟೀಚರ್. ಇವತ್ತು ಮಧ್ಯಾಹ್ನ ಉಡುಪಿಯಿಂದ ಆರ್ಡರ್ ಹಿಡಿದುಕೊಂಡು ಎರ್ಮಾಳಿನಲ್ಲಿ ಬಸ್ಸಿಳಿದಳು. ನಾನು ಮೀನು ಮಾರಿ ಬಂದು ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದೆ. "ಅಜ್ಜಿ, ಆಯ್ತು" ಎಂದಳು. ಅಷ್ಟೇ. ಒದ್ದೆ ಕೈಯಲ್ಲೇ ಅವಳ ಎರಡು ಕೆನ್ನೆ ಹಿಡಿದೆ. ಮೀನಿನ ವಾಸನೆ ಎಂದು ಅವಳು ಮುಖ ತಿರುಗಿಸಲಿಲ್ಲ. ಆಮೇಲೆ ಕಡಲ ಬದಿಯ ದಾರಿಯಲ್ಲಿ ಮನೆಮನೆಗೆ ಕೂಗಿ ಹೇಳಿಕೊಂಡು ಹೋದೆ. ಯಾರು ಯಾರು "ಸರಕಾರಿ ಶಾಲೆಯಲ್ಲಿ ಕಲಿತರೆ ಬುಟ್ಟಿ ಹೊರುವುದೇ ಗತಿ" ಎಂದಿದ್ದರೋ, ಅವರ ಅಂಗಳದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತು, ಸ್ವಲ್ಪ ಹೆಚ್ಚು ಜೋರಾಗಿ ಹೇಳಿದೆ. ಹೇಳಬಾರದಾ? ಹೇಳುವವಳೇ ನಾನು. ಬೀಡಿ ಕಟ್ಟಬೇಕಾಗಿದ್ದ ಬೆರಳುಗಳಲ್ಲಿ ಇನ್ನು ಸೀಮೆಸುಣ್ಣ.

ಅವಳಿಗೆ ಸಿಕ್ಕಿದ ಶಾಲೆ ಅಜೆಕಾರಿನ ಹತ್ತಿರ. ಕಾರ್ಕಳದಿಂದ ಮುಂದೆ, ಕಡಲಿನ ಗಾಳಿ ತಾಗದ ಊರು. "ಅಷ್ಟು ದೂರವಾ?" ಎಂದು ಸೊಸೆ ಮುಖ ಸಪ್ಪೆ ಮಾಡಿದಳು. ನನಗೆ ಮಾತ್ರ ಆ ಊರಿನ ಹೆಸರು ಕೇಳಿದ್ದೇ ಮೈ ಝುಂ ಎಂದಿತು. ಆ ಊರಿನಿಂದಲೇ ಅಲ್ಲವಾ ನಮ್ಮ ಪದ್ಮಲತಾ ಟೀಚರ್ ಬಂದದ್ದು!

ಅವರ ವಿಷಯ ಹೇಳದೆ ಈ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಪದ್ಮಲತಾ ಟೀಚರ್ ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರು ಕೂಡ ಕುಡಿಯುತ್ತಿರಲಿಲ್ಲ. ಜೈನರ ಮನೆಯವರು. ನೀರುಳ್ಳಿ ಇಲ್ಲ, ಬಟಾಟೆ ಇಲ್ಲ, ಮೀನಿನ ಮಾತಂತೂ ಕೇಳಲೇಬೇಡಿ. ಅಂಥವರನ್ನು ಸರಕಾರ ತಂದು ಹಾಕಿದ್ದು ಎಲ್ಲಿಗೆ? ಎರ್ಮಾಳಿನ ಕಡಲ ಬದಿಯ ಶಾಲೆಗೆ. ಶಾಲೆಯ ಒಂದು ಕಡೆ ಮೀನು ಒಣಗಿಸುವ ಅಂಗಳ, ಇನ್ನೊಂದು ಕಡೆ ಬಲೆ ಹಾಸುವ ಜಾಗ. ಅವರು ಬಂದ ಮೊದಲ ದಿನ ನಾವು ಹೆಂಗಸರೆಲ್ಲ ಮಾತಾಡಿಕೊಂಡೆವು: "ಈ ಟೀಚರ್ ಮಳೆಗಾಲ ಕಾಣುವುದಿಲ್ಲ. ವರ್ಗ ಮಾಡಿಸಿಕೊಂಡು ಓಡುತ್ತಾರೆ."

ಅವರು ಓಡಲಿಲ್ಲ. ಮೂಗಿಗೆ ಸೆರಗು ಹಿಡಿದುಕೊಂಡಾದರೂ ಬಂದರು. ಕೆಲವು ತಿಂಗಳಲ್ಲಿ ಸೆರಗೂ ಇಳಿಯಿತು. "ವಾಸನೆ ಹೋಯ್ತಾ ಟೀಚರ್?" ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ವಾಸನೆ ಹೋಗಲಿಲ್ಲ ಅಕ್ಕ, ನನ್ನ ಮೂಗು ನಿಮ್ಮ ಊರಿನದ್ದಾಯ್ತು" ಎಂದರು.

ಎತ್ತರದ ತೆಳ್ಳಗಿನ ಹೆಂಗಸು. ನಡೆದರೆ ಗಾಳಿಗೆ ಎದುರು ಹೋಗುವ ದೋಣಿಯ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿ ನಡೆಯುವುದು. ಕೈಯಲ್ಲಿ ಒಂದು ವಯರ್ ಬ್ಯಾಗು, ಅದರೊಳಗಿನಿಂದ ಹಳೆಯ ಕ್ಯಾಲೆಂಡರಿನ ಸುರುಳಿಗಳು ಕತ್ತು ಹೊರಗೆ ಹಾಕಿ ನೋಡುತ್ತಿದ್ದವು. ಊರಿನಲ್ಲಿ ಯಾರ ಮನೆಯಲ್ಲಿ ವರ್ಷ ಮುಗಿದ ಕ್ಯಾಲೆಂಡರ್ ಇದ್ದರೂ ಅದು ಟೀಚರಿಗೆ ಹೋಗಬೇಕು. ಮುಂದಿನ ಬದಿಯಲ್ಲಿ ದೇವರು, ಹಿಂದಿನ ಬದಿಯಲ್ಲಿ ಟೀಚರಿನ ಪಾಠ.

ಆ ಪಾಠ ಬರುತ್ತಿದ್ದದ್ದು ಮಣಿಪಾಲದಿಂದ. ಟೀಚರ್ ವಾರವೆಲ್ಲ ಕಾಪುವಿನ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಕೂಡಲೇ ಉಡುಪಿಯ ಬಸ್ಸು, ಅಲ್ಲಿಂದ ಮಣಿಪಾಲ. ಆಗ ಈ ಕಂಪ್ಯೂಟರ್, ಇಂಟರ್ನೆಟ್ ಎಲ್ಲ ಹೊಸತು. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಬಿಡಿ, ಮೋಡ ಕವಿದರೆ ಲೈಟೂ ಇರುತ್ತಿರಲಿಲ್ಲ. ಮಣಿಪಾಲದಲ್ಲಿ ದೊಡ್ಡ ಕಾಲೇಜಿನ ಮಕ್ಕಳು ಹೋಗುವ ಸೈಬರ್ ಅಂಗಡಿಗಳಿದ್ದವು. ಆ ಪ್ಯಾಂಟು ಹಾಕಿದ ಮಕ್ಕಳ ನಡುವೆ ನೂಲಿನ ಸೀರೆಯುಟ್ಟ ನಮ್ಮ ಟೀಚರ್ ಹೋಗಿ ಕೂರುವುದು. ದೇಶ ವಿದೇಶದ ಯಾರು ಯಾರೋ ಟೀಚರುಗಳು ಮಕ್ಕಳಿಗಾಗಿ ಅದರಲ್ಲಿ ಪಾಠ ಹಾಕಿಟ್ಟಿರುತ್ತಾರಂತೆ. ಹೃದಯದ ಚಿತ್ರ, ಭೂಮಿಯ ಚಿತ್ರ, ಲಿಂಬೆಹಣ್ಣಿನಲ್ಲಿ ಕರೆಂಟು ಮಾಡುವ ಉಪಾಯ, ಎಲ್ಲ ಪುಕ್ಕಟೆ. ಪ್ರಿಂಟ್ ತೆಗೆಸಿದರೆ ಸಂಬಳ ಅಲ್ಲೇ ಮುಗಿಯುತ್ತದೆ ಎಂದು ಟೀಚರ್ ಆ ಪರದೆ ನೋಡಿಕೊಂಡೇ ಕ್ಯಾಲೆಂಡರಿನ ಹಿಂದೆ ಕೈಯಲ್ಲಿ ಬಿಡಿಸಿಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ಇದ್ದದ್ದನ್ನು ಅಲ್ಲಿಯೇ ಕನ್ನಡ ಮಾಡಿ ಬರೆಯುತ್ತಿದ್ದರು. ಮತ್ತೆ ಕಾರ್ಕಳದ ಬಸ್ಸು ಹಿಡಿದು ಅಜೆಕಾರಿನ ಮನೆಗೆ. ಸೋಮವಾರ ಬೆಳಿಗ್ಗೆ ಸುರುಳಿಗಳ ಸಮೇತ ಎರ್ಮಾಳಿನಲ್ಲಿ ಹಾಜರು.

"ಪುಕ್ಕಟೆ ಸಿಕ್ಕುವ ಪಾಠಕ್ಕೆ ಎಂತ ಬೆಲೆ ಉಂಟು ಟೀಚರ್?" ಎಂದು ಯಾರೋ ಹಂಗಿಸಿದರೆ ಅವರ ಉತ್ತರ ಸಿದ್ಧ: "ಈ ಕಡಲಿಗೆ ನೀವು ಯಾರಿಗೆ ಬಾಡಿಗೆ ಕೊಡುದು? ಅದರ ಮೀನು ತಿನ್ನುದಿಲ್ವಾ?"

ಒಂದು ಸೋಮವಾರ ಅವರು ತಂದದ್ದು ಚಿತ್ರವಲ್ಲ, ಕ್ಯಾಸೆಟ್. ನಾನು ಮೀನು ಬುಟ್ಟಿ ಹೊತ್ತು ಶಾಲೆಯ ಹಿಂದಿನಿಂದ ಹೋಗುವಾಗ ಕಿಟಕಿಯಿಂದ ಏನೋ ನರಳಿದ ಹಾಗೆ, ಹಾಡಿದ ಹಾಗೆ ಒಂದು ಸ್ವರ. ಇಣುಕಿದರೆ, ಮೇಜಿನ ಮೇಲೆ ಟೇಪ್‌ರೆಕಾರ್ಡರ್, ಸುತ್ತ ಮಕ್ಕಳು ಉಸಿರು ಬಿಡದೆ ಕೂತಿದ್ದಾರೆ.

"ಎಂತ ಟೀಚರ್ ಅದು? ಪ್ರೇತವಾ?"

"ತಿಮಿಂಗಿಲ ಅಕ್ಕ. ಹಾಡುತ್ತಾ ಉಂಟು."

ಸೈಬರ್ ಅಂಗಡಿಗೆ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ, ಕಂಪ್ಯೂಟರಿನ ಸ್ಪೀಕರಿಗೆ ಅದರ ಮುಖ ಹಿಡಿದು ತುಂಬಿಸಿಕೊಂಡು ಬಂದಿದ್ದರು. ಅಲ್ಲಿದ್ದವರೆಲ್ಲ ನಕ್ಕರಂತೆ. ಅಂಗಡಿಯವನು "ಮೇಡಂ, ಇದು ಧ್ವನಿಸುರುಳಿ ಅಂಗಡಿ ಅಲ್ಲ" ಎಂದನಂತೆ. ಟೀಚರ್ "ಶ್!" ಎಂದು ಬಾಯಿಗೆ ಬೆರಳಿಟ್ಟು ಅಂಗಡಿಗೆ ಅಂಗಡಿಯನ್ನೇ ಸುಮ್ಮನಾಗಿಸಿದರಂತೆ. ಆ ಕ್ಯಾಸೆಟ್ಟಿನಲ್ಲಿ ತಿಮಿಂಗಿಲದ ಹಾಡಿನ ಹಿಂದೆ ಒಬ್ಬನ ಕೆಮ್ಮು ಕೂಡ ಕೇಳುತ್ತದೆ. ನಾನು ಬುಟ್ಟಿ ಇಳಿಸಿ ಕಿಟಕಿಯ ಹೊರಗೆ ಕುಳಿತೆ. ಕಡಲಿನ ಬದಿಯಲ್ಲೇ ಹುಟ್ಟಿದವಳು ನಾನು. ಕಡಲಿನ ಹಾಡು ಕೇಳಲಿಕ್ಕೆ ಅದು ಗುಡ್ಡದ ಮೇಲಿನ ಮಣಿಪಾಲದಿಂದ ಬರಬೇಕಾಯಿತು. ಆ ದಿನ ನನ್ನ ಮೀನು ಹೊತ್ತು ಮೀರಿ ಮಾರಾಟವಾಯಿತು, ಇರಲಿ.

ಮೇಲಿನಿಂದ ಒಬ್ಬ ಅಧಿಕಾರಿ ಶಾಲೆ ನೋಡಲಿಕ್ಕೆ ಬಂದಾಗಿನ ಮಾತನ್ನು, ಆಗ ಅಲ್ಲೇ ಕಲಿಯುತ್ತಿದ್ದ ನಯನ ಮನೆಗೆ ಬಂದು ಹಾಗೆಯೇ ಆಡಿ ತೋರಿಸಿದ್ದಳು. ಗೋಡೆ ತುಂಬ ಕ್ಯಾಲೆಂಡರ್ ನೋಡಿ ಅವರು ಕೇಳಿದರಂತೆ: "ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಕಲಿಸಲಿಕ್ಕೆ ನಿಮಗೆ ಅನುಮತಿ ಉಂಟಾ?"

"ಬಿಸಿಲಿಗೆ ಬಟ್ಟೆ ಒಣಗಿಸಲಿಕ್ಕೆ ನೀವು ಅನುಮತಿ ತೆಗೊಳ್ತೀರಾ ಸಾರ್?"

ಅಧಿಕಾರಿ ಎಂತ ಹೇಳಿದರು ಎಂದು ಕೇಳಿದೆ. "ನೀರು ಕುಡಿದರು ಅಜ್ಜಿ" ಎಂದಳು ನಯನ.

ಇಂಥ ಟೀಚರಿಗೂ ಒಂದು ಪೆಟ್ಟು ಬಿತ್ತು. ನಯನ ಆಗ ಆರನೇ ಕ್ಲಾಸು.

ನಮ್ಮ ಊರಿನಲ್ಲಿ ಒಂದು ರೂಢಿ ಉಂಟು. ಗಾಳಿಮಳೆಯ ಎಚ್ಚರಿಕೆ ಬಂದರೆ, ಕಡಲಿಗೆ ಇಳಿಯಬೇಡಿ ಎಂಬ ಬರಹವನ್ನು ಶಾಲೆಯ ಹೊರಗೋಡೆಯ ಮೊಳೆಗೆ ಸಿಕ್ಕಿಸುವುದು. ದೋಣಿಗೆ ಹೋಗುವ ದಾರಿ ಅದೇ. ಗಂಡಸರು ಬೆಳಗಿನ ಜಾವ ಹೋಗುವಾಗ ಆ ಮೊಳೆಯ ಕಡೆ ಒಂದು ಕಣ್ಣು ಹಾಕಿಯೇ ಮುಂದೆ ಹೋಗುವುದು. ತುಕ್ಕು ಹಿಡಿದ ಆ ಮೊಳೆಯ ಮಾತಿಗೆ ಎದುರು ಮಾತಿಲ್ಲ.

ಟೀಚರಿಗೆ ಇದು ಗೊತ್ತಿರಲಿಲ್ಲ. ಆಕಾಶದ ಮೇಲಿನಿಂದ ತೆಗೆದ ಮೋಡದ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ಎಂದು ಆ ಶನಿವಾರ ಅದನ್ನು ಬಿಡಿಸಿಕೊಂಡು ಬಂದರು. ಭಾರತದ ನಕ್ಷೆ, ನಮ್ಮ ಕರಾವಳಿಯ ಬದಿಯಲ್ಲಿ ಅನ್ನದ ಗಂಜಿ ಚೆಲ್ಲಿದ ಹಾಗೆ ದೊಡ್ಡ ಬಿಳಿ ಮೋಡ. ಒಳಗಿನ ಗೋಡೆಯಲ್ಲಿ ಜಾಗವಿಲ್ಲವೆಂದು ಸೋಮವಾರ ಸಂಜೆ ಹೋಗುವಾಗ ಆ ಹೊರಗಿನ ಮೊಳೆಗೆ ತೂಗಹಾಕಿದರು.

ಮಂಗಳವಾರ ಬೆಳಿಗ್ಗೆ ನಮ್ಮ ಗಂಡಸರು ಅದನ್ನು ನೋಡಿದರು. ಅಂಥ ಮೋಡ! ಅದೂ ಕಂಪ್ಯೂಟರಿನಿಂದ ಬಂದದ್ದು! ತಲೆಯೆತ್ತಿದರೆ ಆಕಾಶ ತೊಳೆದಿಟ್ಟ ಬಟ್ಟಲಿನ ಹಾಗೆ ಇತ್ತು. ಆದರೂ ಒಬ್ಬನೂ ದೋಣಿ ಇಳಿಸಲಿಲ್ಲ. ಮಳೆಗಾಲದ ಕಡಲ ರಜೆ ಮುಗಿದು ಬಂಗುಡೆ ಮೀನು ಬರುವ ಸಮಯ. ಮಧ್ಯಾಹ್ನದ ಹೊತ್ತಿಗೆ ಕಾಪುವಿನ ಕಡೆಯ ದೋಣಿಗಳು ಅಂಚಿನವರೆಗೆ ಬಂಗುಡೆ ತುಂಬಿಕೊಂಡು ಬಂದ ಸುದ್ದಿ ಬಂತು. ಟೀಚರ್ ತಂದದ್ದು ಶನಿವಾರದ ಮೋಡ. ಅದು ಯಾವಾಗಲೋ ಕರಗಿ ಹೋಗಿತ್ತು.

ನನ್ನ ಮಗ ಶೇಖರ ಮನೆಗೆ ಬಂದವನೇ ದೋಣಿಯ ಹುಟ್ಟನ್ನು ಅಂಗಳಕ್ಕೆ ಬಿಸಾಡಿದ. "ಇನ್ನು ನಯನ ಆ ಶಾಲೆಗೆ ಹೋಗುದು ಬೇಡ. ಕಂಪ್ಯೂಟರ್ ಅಂತೆ! ನಮ್ಮ ಅನ್ನ ತೆಗೆಯುವ ಪಾಠ ನಮಗೆ ಬೇಡ. ಅವಳಮ್ಮನೊಟ್ಟಿಗೆ ಬೀಡಿ ಕಟ್ಟಲಿ."

ಹುಡುಗಿ ಒಲೆಯ ಮೂಲೆಯಲ್ಲಿ ಮೊಣಕಾಲಿಗೆ ಮುಖ ಇಟ್ಟು ಕುಳಿತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಶೇಖರ ಒಮ್ಮೆ ಬೇಡ ಎಂದರೆ ಅವನ ಅಪ್ಪ ಎದ್ದು ಬಂದರೂ ಬೇಡವೇ. ಎರಡು ದಿನ ಹುಡುಗಿ ಬೀಡಿ ಎಲೆಯ ಮೊರದ ಮುಂದೆ ಕೂತಳು.

ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಪದ್ಮಲತಾ ಟೀಚರ್ ನಮ್ಮ ಅಂಗಳಕ್ಕೆ ಬಂದರು. ಜಗಲಿಯಲ್ಲಿ ಬ್ಯಾಗು ಇಟ್ಟು, ಕಂಬಕ್ಕೆ ಬೆನ್ನು ಕೊಟ್ಟು ಕುಳಿತರು. ಶೇಖರ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ.

"ತಪ್ಪು ನನ್ನದು ಶೇಖರಣ್ಣ. ಯಾವ ದಿನದ ಮೋಡ ಅಂತ ಬರೀಲಿಲ್ಲ. ಆ ಮೊಳೆಯ ಮರ್ಯಾದೆ ನನಗೆ ಗೊತ್ತಿರಲಿಲ್ಲ. ಆದರೆ ತಪ್ಪು ನನ್ನದಾದ್ರೆ ಶಿಕ್ಷೆ ಅವಳಿಗೆ ಯಾಕೆ?"

"ನೀವು ದೊಡ್ಡವರು ಟೀಚರ್, ನಿಮಗೆ ತಿಂಗಳಿಗೆ ಸಂಬಳ ಬರ್ತದೆ. ನಮ್ಮದು ದಿನದ ಕಡಲು. ಮನೆಗೆ ಹೋಗಿ."

"ಹೋಗುದಿಲ್ಲ."

ನನಗೆ ತಡೆಯಲಾಗಲಿಲ್ಲ. ಬುಟ್ಟಿಯಿಂದ ಎರಡು ಬಂಗುಡೆ ಎತ್ತಿಕೊಂಡು ಅಂಗಳದ ನಡುವೆ ನಿಂತೆ. "ನೀನು ಕೇಳು ಶೇಖರ, ನೀವೂ ಕೇಳಿ ಟೀಚರ್. ನನ್ನ ಹತ್ತಿರ ಮೀನು ತೆಗೊಳ್ಳುವ ಹೆಂಗಸರು ಮೊದಲು ಎಂತ ಮಾಡ್ತಾರೆ? ಕಿವಿರು ಎತ್ತಿ ನೋಡ್ತಾರೆ. ಕೆಂಪು ಉಂಟಾದ್ರೆ ಇವತ್ತಿನದ್ದು. ಬಿಳಚಿದ್ರೆ ಹಳತು. ಟೀಚರ್ ಕಿವಿರು ಕಾಣದ ಹಾಗೆ ಮೀನು ಕೊಟ್ಟರು, ನಿಜ. ನೀನು ಮೀನುಗಾರನ ಮಗ, ಕಿವಿರು ಎತ್ತದೆ ತೆಗೊಂಡದ್ದು ಯಾಕೆ?"

ಟೀಚರ್ ಎದ್ದು ಬಂದರು. ಇಷ್ಟು ಹತ್ತಿರಕ್ಕೆ ಮತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು, "ಎಲ್ಲಿ ಅಕ್ಕ, ತೋರಿಸಿ" ಎಂದರು. ನಾನು ಎರಡೂ ಮೀನಿನ ಕಿವಿರು ಎತ್ತಿ ತೋರಿಸಿದೆ, ಇವತ್ತಿನದ್ದು, ನಿನ್ನೆಯದ್ದು. ಬಗ್ಗಿ ಬಗ್ಗಿ ನೋಡಿದರು. ಜನ್ಮದಲ್ಲಿ ಮೀನು ಮುಟ್ಟದ ಹೆಂಗಸು, ಮದುವೆ ಸೀರೆಯ ಅಂಚು ನೋಡುವ ಹಾಗೆ ನೋಡಿದರು. ಸೊಸೆ ಬಾಗಿಲ ಹಿಂದೆ ನಕ್ಕದ್ದು ನನಗೆ ಕೇಳಿಸಿತು.

"ಇಷ್ಟು ಸುಲಭವಾ!" ಎಂದರು ಟೀಚರ್. "ಇದನ್ನು ಯಾವ ಟ್ರೈನಿಂಗಿನಲ್ಲಿಯೂ ಹೇಳಿಕೊಡ್ಲಿಲ್ಲ ನಮಗೆ."

ಮತ್ತೆ ಜಗಲಿಗೆ ಹೋಗಿ ಕುಳಿತರು. ಎದುರಿಗೇ ಕಡಲು, ಸೂರ್ಯ ಇಳಿಯುತ್ತಿದ್ದ. ನನಗೆ ಅವರ ನೇಮ ನೆನಪಾಯಿತು. ಒಂದು ಎಳನೀರಿನ ಬೊಂಡ ಕೆತ್ತಿ ಮುಂದಿಟ್ಟೆ. "ಹೊತ್ತು ಮುಳುಗುವ ಮೊದಲು ಕುಡಿಯಿರಿ ಟೀಚರ್. ಮತ್ತೆ ನಾಳೆವರೆಗೆ ನಿಮಗೆ ನೀರಿಲ್ಲ. ಎಳನೀರಿಗೆ ಮೀನು ತಾಗುದಿಲ್ಲ."

"ಕುಡಿಯುವಾ ಅಕ್ಕ. ಶೇಖರಣ್ಣ ಒಂದು ಮಾತು ಹೇಳಲಿ, ಮತ್ತೆ ಕುಡಿಯುವಾ."

ಟೀಚರ್ ಸೂರ್ಯನನ್ನು ನೋಡುತ್ತಿದ್ದರು. ನಾನು ಟೀಚರನ್ನು ನೋಡುತ್ತಿದ್ದೆ. ಶೇಖರ ಬಲೆ ನೋಡುವ ಹಾಗೆ ಮಾಡಿ ಬೊಂಡ ನೋಡುತ್ತಿದ್ದ. ಸೂರ್ಯ ನೀರು ಮುಟ್ಟಿದ. ಬಡವರಾದರೂ ನಮ್ಮ ಜಗಲಿಯಿಂದ ಯಾರೂ ಬಾಯಾರಿ ಎದ್ದುಹೋದದ್ದಿಲ್ಲ. ಅದು ಶೇಖರನಿಗೂ ಗೊತ್ತು. ಅವನ ಕೈಯಲ್ಲಿನ ನೂಲು ಗಂಟು ಗಂಟಾಯಿತು. ಸೂರ್ಯ ಅರ್ಧವಾದ, ಕಾಲಾದ, ಒಂದು ಗೆರೆಯಾದ.

"ಕುಡಿಯಿರಿ ಮಾರಾಯ್ರೆ!" ಎಂದು ಶೇಖರ ಒಮ್ಮೆಲೆ ಕೂಗಿದ. "ಕಳಿಸ್ತೇನೆ! ನಾಳೆಯೇ ಕಳಿಸ್ತೇನೆ ಅವಳನ್ನು!"

ಟೀಚರ್ ಬೊಂಡಕ್ಕೆ ಕೈ ಚಾಚಿದರು. ಕಡಲಿನ ಕಡೆ ನೋಡಿದರು. ಗೆರೆ ಇರಲಿಲ್ಲ. ಚಾಚಿದ ಕೈಯನ್ನು ಹಿಂದೆ ತೆಗೆದರು.

"ಇವತ್ತಿನ ಹೊತ್ತು ಆಯ್ತು ಶೇಖರಣ್ಣ. ನಾಳೆ ಬೆಳಿಗ್ಗೆ ಈ ಬೊಂಡ ಅವಳ ಕೈಯಲ್ಲಿ ಕಳಿಸಿ. ಶಾಲೆಯಲ್ಲಿ ಕುಡಿಯುತ್ತೇನೆ."

ಚಪ್ಪಲಿ ಮೆಟ್ಟಿ, ಬ್ಯಾಗು ಎತ್ತಿಕೊಂಡು, ಅದೇ ಬಾಗಿದ ನಡಿಗೆಯಲ್ಲಿ ಬಸ್ ಸ್ಟಾಪಿಗೆ ನಡೆದರು. ಶೇಖರ ಆ ರಾತ್ರಿ ಗಂಜಿ ಮುಟ್ಟಲಿಲ್ಲ. ನಾನೂ ಬಡಿಸಲಿಕ್ಕೆ ಹೋಗಲಿಲ್ಲ. ಬೆಳಿಗ್ಗೆ ಎದ್ದು, ಕೆತ್ತಿಟ್ಟ ಬೊಂಡ ಹಳತಾಯಿತು ಎಂದು ಅವನೇ ತೆಂಗಿನ ಮರ ಹತ್ತಿ ಹೊಸತು ಇಳಿಸಿ ಮಗಳ ಕೈಗೆ ಕೊಟ್ಟ.

ಆ ದಿನದಿಂದ ಟೀಚರಿನ ಪ್ರತಿ ಕ್ಯಾಲೆಂಡರಿನ ಮೂಲೆಯಲ್ಲಿ ಒಂದು ಸಣ್ಣ ಮೀನು. ಅದರ ಹೊಟ್ಟೆಯೊಳಗೆ ಎರಡು ಮಾತು: ಇದನ್ನು ಹೇಳಿದವರು ಯಾರು, ಹೇಳಿದ್ದು ಯಾವಾಗ. ಮಕ್ಕಳು ಪಾಠಕ್ಕೆ ಮೊದಲು ಒಟ್ಟಿಗೆ ಕೇಳಬೇಕು: "ಟೀಚರ್, ಕಿವಿರು?" ಹೇಳಿದ ಮೇಲೆಯೇ ಪಾಠ. ಮೋಡದ ಚಿತ್ರ ನಿಲ್ಲಿಸಿ ಎಂದವರಿದ್ದರು. ಅವರು ನಿಲ್ಲಿಸಲಿಲ್ಲ. ಹೊರಗೆ ತೂಗಹಾಕುವುದನ್ನು ಬಿಟ್ಟರು, ಅಷ್ಟೇ. "ಒಂದು ಸಲ ಹಳೆ ಮೀನು ಸಿಕ್ಕಿತು ಅಂತ ಯಾರಾದ್ರೂ ಕಡಲು ಬಿಡ್ತಾರಾ?" ಎನ್ನುತ್ತಿದ್ದರು. ಏಳನೇ ಕ್ಲಾಸು ಮುಗಿದು ನಯನ ಹೈಸ್ಕೂಲಿಗೆ ಹೋಗುವಾಗ ಶೇಖರನೇ ಹೊಸ ಕೊಡೆ ತಂದುಕೊಟ್ಟ.

ಟೀಚರನ್ನು ನಾನು ಕೊನೆಗೆ ನೋಡಿದ್ದು ಮಣಿಪಾಲದ ಆಸ್ಪತ್ರೆಯಲ್ಲಿ. ನಯನ ಆಗ ಟೀಚರ್ ಟ್ರೈನಿಂಗ್ ಮಾಡುತ್ತಿದ್ದಳು. ಇಬ್ಬರೂ ಹೋದೆವು. ಮೊದಲೇ ತೆಳ್ಳಗಿನವರು, ಹಾಸಿಗೆಯಲ್ಲಿ ಹೊದಿಕೆ ಮಾತ್ರ ಇದ್ದ ಹಾಗೆ ಕಂಡರು. ಅವರ ತಮ್ಮನ ಮಗ ಇಂಟರ್ನೆಟ್ಟಿನಿಂದ ಒಂದು ಹಾಳೆ ಪ್ರಿಂಟ್ ತೆಗೆಸಿ ತಂದಿದ್ದ. ಯಾವುದೋ ಬೇರಿನ ಕಷಾಯ ಕುಡಿದರೆ ಈ ಕಾಯಿಲೆ ಪೂರ್ತಿ ಹೋಗುತ್ತದೆ ಎಂದು ಅದರಲ್ಲಿ ಇತ್ತಂತೆ. ಅವನ ಕಣ್ಣಿನಲ್ಲಿ ನೀರು. "ಅತ್ತೆ, ಇದೊಂದು ನೋಡುವಾ" ಎನ್ನುತ್ತಿದ್ದ. ಟೀಚರ್ ಕನ್ನಡಕ ಕೇಳಿ ತೆಗೆದುಕೊಂಡರು. ಹಾಳೆಯ ಮೇಲೆ ನೋಡಿದರು, ಕೆಳಗೆ ನೋಡಿದರು, ತಿರುಗಿಸಿ ನೋಡಿದರು. ಮತ್ತೆ ಅದನ್ನು ನಯನಳ ಕೈಗೆ ಕೊಟ್ಟರು.

"ನೀನು ಹೇಳು."

ನಯನ ಓದಿದಳು. "ಬರೆದವರ ಹೆಸರಿಲ್ಲ ಟೀಚರ್. ತಾರೀಕೂ ಇಲ್ಲ."

"ಮತ್ತೆ?"

"ಕಿವಿರು ಬಿಳಚಿದೆ."

ಟೀಚರ್ ನಕ್ಕರು. ಆ ನಗು ಮಾತ್ರ ತೆಳ್ಳಗಾಗಿರಲಿಲ್ಲ. "ನೋಡಿದ್ರಾ ಅಕ್ಕ? ನನ್ನ ಪಾಠ ನನ್ನ ಆಸೆಗಿಂತ ಗಟ್ಟಿ ಉಂಟು." ಅಷ್ಟರಲ್ಲಿ ಅವರ ಊಟದ ತಟ್ಟೆ ಬಂತು. ಅವರು ನನ್ನ ಮುಖ ನೋಡಿದರು. "ಅಕ್ಕ, ಈ ಕಿಟಕಿಯಿಂದ ನನಗೆ ಕಾಣುದಿಲ್ಲ. ಸೂರ್ಯ ಎಲ್ಲಿ ಉಂಟು?" ನಾನು ಕಿಟಕಿಯ ಹತ್ತಿರ ಹೋಗಿ ಕತ್ತು ಚಾಚಿ ನೋಡಿದೆ. "ಇನ್ನೂ ಉಂಟು ಟೀಚರ್. ನಿಧಾನಕ್ಕೆ ಊಟ ಮಾಡಿ" ಎಂದೆ. ಇತ್ತು, ನಿಜವಾಗಿಯೂ ಇತ್ತು. ಅವರ ಮುಂದೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ.

ಅದಾಗಿ ಸ್ವಲ್ಪ ಸಮಯಕ್ಕೆ ಅವರು ಹೋದರು. ನಾನು ಇವತ್ತು ಅಳುವುದಿಲ್ಲ. ಅವರ ಊರಿಗೆ ಅವರ ಸಾಲ ತೀರಿಸಲಿಕ್ಕೆ ಅಲ್ಲ, ಅವರ ಕೆಲಸ ಮುಂದುವರಿಸಲಿಕ್ಕೆ ನಮ್ಮ ಹುಡುಗಿ ಹೋಗುತ್ತಿದ್ದಾಳೆ. ಕಡಲು ನೋಡದ ಮಕ್ಕಳಿಗೆ ತಿಮಿಂಗಿಲದ ಹಾಡು ಕೇಳಿಸುತ್ತಾಳಂತೆ. ಆ ಕೆಮ್ಮಿನ ಕ್ಯಾಸೆಟ್ ಈಗ ಅವಳ ಹತ್ತಿರವೇ ಉಂಟು. "ಅಲ್ಲಿನ ಮಕ್ಕಳಿಗೆ ಕಿವಿರು ಎಂದರೆ ಗೊತ್ತಾಗಬೇಕಲ್ಲ?" ಎಂದೆ. "ನೀವು ಬಂದು ತೋರಿಸಿ ಅಜ್ಜಿ, ಬುಟ್ಟಿ ಸಮೇತ" ಎಂದಳು. ಹೋಗುವವಳೇ ನಾನು. ಬಸ್ಸಿನವನು ಮೀನು ಬುಟ್ಟಿ ಹತ್ತಿಸಬೇಡಿ ಎನ್ನಲಿ ನೋಡುವಾ.

ಸಂಜೆಗೆ ಹೂಡೆಯಿಂದ ನನ್ನ ಮಗಳು, ಅಳಿಯ, ಅವರ ಮಕ್ಕಳು ಬಂದರು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಂಡದ್ದು ನನಗೆ ನೆನಪಿಲ್ಲ. ಗಂಡಸರು ದೋಣಿ ಬಂದಾಗ, ಮಕ್ಕಳು ಹಸಿದಾಗ, ನಾವು ಹೆಂಗಸರು ಎಲ್ಲ ಮುಗಿದ ಮೇಲೆ. ಇವತ್ತು ಬಂಗುಡೆಯ ಸಾರು ಒಲೆಯ ಮೇಲೆ ಕುದಿಯುತ್ತಿರುವಾಗಲೇ ಶೇಖರ ಅಂಗಳದಿಂದ ಕೂಗಿದ: "ಅಮ್ಮ, ಬೇಗ ಬಡಿಸಿ! ಎಲ್ಲರಿಗೂ ಬಡಿಸಿ, ನೀವೂ ಕೂತುಕೊಳ್ಳಿ. ಸೂರ್ಯ ಇಳಿಯಲಿಕ್ಕೆ ಸುರು ಮಾಡಿದ!"

"ಇಷ್ಟು ಬೇಗ ಯಾರು ಉಣ್ಣುದು ಭಾವ?" ಎಂದು ಅಳಿಯ ಕೇಳಿದ.

"ಇವತ್ತು ನಾವು ಉಣ್ಣುದು" ಎಂದ ಶೇಖರ.

"ಮೀನಿನ ಸಾರಿನೊಟ್ಟಿಗೆ ಟೀಚರಿನ ನೇಮವಾ ಅಣ್ಣ?" ಎಂದು ನನ್ನ ಮಗಳು ನಕ್ಕಳು.

"ಹೊತ್ತು ಟೀಚರದ್ದು, ಸಾರು ನಮ್ಮದು" ಎಂದೆ ನಾನು, ಸೌಟು ಎತ್ತಿಕೊಂಡು.

ಜಗಲಿಯ ಉದ್ದಕ್ಕೂ ಸಾಲಾಗಿ ಕುಳಿತೆವು, ಆ ಕಂಬದಿಂದ ಈ ಬಾಗಿಲವರೆಗೆ. ಶೇಖರ ನಯನಳ ಬಟ್ಟಲಿಗೆ ದೊಡ್ಡ ಬಂಗುಡೆ ಹಾಕಿದ. ಅವಳು ಎಲ್ಲರೂ ನೋಡುವ ಹಾಗೆ ಕುತ್ತಿಗೆಯ ಹತ್ತಿರ ಬಗ್ಗಿ ನೋಡಿ, "ಸಾರಿಗೆ ಬಿದ್ದ ಮೇಲೆ ಕಿವಿರು ಎಲ್ಲಿ ಅಪ್ಪ?" ಎಂದಳು. ಮಕ್ಕಳಿಗೆ ನೆತ್ತಿಗೇರುವಷ್ಟು ನಗು. ಎದುರಿಗೆ ಕಡಲಿನ ಮೇಲೆ ಸೂರ್ಯ ಇನ್ನೂ ಅರ್ಧ ಉಳಿದಿದ್ದ. ನಮ್ಮ ಬಟ್ಟಲುಗಳಿಗೆ ಆಗಲೇ ಎರಡನೆಯ ಸಲ ಅನ್ನ ಬಿದ್ದಾಗಿತ್ತು.